ಎಡಿಎಚ್‌ಡಿ ಇರುವವರಿಗೆ ಟೂಲ್ ಕಟ್ಟುವಾಗ ಬಿಟ್ಟುಹೋದವರ ಮಾತನ್ನೂ ಕೇಳಿ

ಪ್ರಶ್ನೆ: ನನಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಕಾಡುವ ಸ್ಥಿತಿ) ಇರುವುದು ಗೊತ್ತಾಗಿದ್ದು 31ನೇ ವಯಸ್ಸಿನಲ್ಲಿ. ವೃತ್ತಿಯಲ್ಲಿ ಸಾಫ್ಟ್‌ವೇರ್ ಡೆವಲಪರ್. ನನಗಾಗಿ ಮಾಡಿಕೊಂಡಿದ್ದ ಕೆಲಸದ ಪಟ್ಟಿಯ ಆ್ಯಪ್ ಒಂದನ್ನು ಈಗ ನನ್ನಂಥ ಬೇರೆಯವರಿಗೂ ಕೊಡಲು ಹೊರಟಿದ್ದೇನೆ. 12 ಜನ ಬಳಸಿ ನೋಡಿದರು. ಒಬ್ಬರಿಗೆ ಟೈಮರ್ ಬೇಕೇ ಬೇಕು. ಇನ್ನೊಬ್ಬರಿಗೆ ಟೈಮರ್ ಕಂಡರೆ ಎದೆ ಢವಢವ. ಒಬ್ಬರು ಬಣ್ಣ ಹಾಕಿ ಅಂದರು, ಮತ್ತೊಬ್ಬರು ಇರುವ ಬಣ್ಣವನ್ನೂ ತೆಗೆಯಿರಿ ಅಂದರು. ಎಲ್ಲರ ಮಾತು ಕೇಳಿ ಕೇಳಿ ಸೆಟ್ಟಿಂಗ್ಸ್ ಪುಟವೇ ಆ್ಯಪ್‌ಗಿಂತ ದೊಡ್ಡದಾಗಿದೆ. ಮುಕ್ತ ಮನಸ್ಸಿನಿಂದ ಇರಬೇಕು, ಆದರೆ ಟೂಲ್ ಕಲಸುಮೇಲೋಗರ ಆಗಬಾರದು. ಹೇಗೆ? ಜೊತೆಗೆ ಎರಡು ಸಣ್ಣ ಪ್ರಶ್ನೆ: ಸ್ಟ್ರೀಕ್ (ಒಂದು ದಿನವೂ ತಪ್ಪದೆ ಸತತ ಎಷ್ಟು ದಿನ ಎಂಬ ಲೆಕ್ಕ) ಇಡಬೇಕಾ? ತಿಂಗಳ ಚಂದಾ ಇಟ್ಟರೆ ತಪ್ಪಾ?

ಉತ್ತರ: ಸೆಟ್ಟಿಂಗ್ಸ್ ಪುಟದಿಂದಲೇ ಶುರು ಮಾಡೋಣ, ತೊಡಕು ಇರುವುದು ಅಲ್ಲೇ. ಒಬ್ಬರು ಒಂದು ಕೇಳಿದರು, ಇನ್ನೊಬ್ಬರು ಅದಕ್ಕೆ ಉಲ್ಟಾ ಕೇಳಿದರು, ನೀವು ಇಬ್ಬರಿಗೂ ಒಂದು ಸ್ವಿಚ್ ಇಟ್ಟುಕೊಟ್ಟಿರಿ. ನೋಡಲು ಇದು ಉದಾರ ಮನಸ್ಸು. ಆದರೆ ನೀವು ಮಾಡಬೇಕಿದ್ದ ಆಯ್ಕೆಯನ್ನು ಬಳಸುವವರ ತಲೆಗೆ ಕಟ್ಟಿದ ಹಾಗಾಯಿತು. ಅದೂ ಯಾರ ತಲೆಗೆ? ನಾಲ್ಕು ವಿಷಯ ಒಟ್ಟಿಗೆ ನೆನಪಿನಲ್ಲಿಟ್ಟು, ತೂಗಿ, ಕ್ರಮ ಹಾಕಿ, ಒಂದನ್ನು ಆರಿಸುವುದು ಯಾರಿಗೆ ಕಷ್ಟವೋ ಅವರ ತಲೆಗೆ. ಟೂಲ್ ತನಗೆ ತಕ್ಕಂತೆ ಬಾಗಬೇಕು ಎಂಬ ಅಗತ್ಯ ಅವರಿಗೇ ಜಾಸ್ತಿ. ಕೂತು ಬಾಗಿಸಿಕೊಳ್ಳುವ ಶಕ್ತಿ ಅವರಲ್ಲೇ ಕಡಿಮೆ.

ಇನ್ನೊಂದು ಅಪಾಯವೂ ಇದೆ. ಅದು ನಿಮಗೇ ಚೆನ್ನಾಗಿ ಗೊತ್ತಿರಬೇಕು. ಸೆಟ್ಟಿಂಗ್ಸ್ ಪುಟ ಕೆಲಸ ತಪ್ಪಿಸಿಕೊಳ್ಳಲು ಬಹಳ ಒಳ್ಳೆಯ ಜಾಗ. ಲೇಬಲ್‌ಗಳಿಗೆ ಬಣ್ಣ ಆರಿಸುತ್ತಾ ಕೂತರೆ ಕೆಲಸ ಮಾಡಿದ ಖುಷಿ ಸಿಗುತ್ತದೆ, ಬರೆಯಬೇಕಿದ್ದ ಪತ್ರ ಹಾಗೇ ಉಳಿಯುತ್ತದೆ.

ಹಾಗಾದರೆ ಎಲ್ಲರಿಗೂ ಒಂದೇ ಅಚ್ಚು ಕೊಡಬೇಕೇ? ಅದೂ ಆಗುವುದಿಲ್ಲ. ಯಾಕೆ ಎಂದು ಒಂದು ಸಣ್ಣ ಲೆಕ್ಕದಲ್ಲಿ ನೋಡಿ. 2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಅಮೆರಿಕದ ಮನೋವೈದ್ಯರ ಸಂಘ ರೋಗ ಗುರುತಿಸಲು ತಂದ ಕೈಪಿಡಿ, ಎಡಿಎಚ್‌ಡಿಯ ಲಕ್ಷಣಗಳನ್ನು ಎರಡು ಗುಂಪು ಮಾಡಿದೆ. ಗಮನಕ್ಕೆ ಸಂಬಂಧಿಸಿದ್ದು 9, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ್ದು 9. 17 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಿಗೆ ಯಾವುದಾದರೂ ಒಂದು ಗುಂಪಿನಲ್ಲಿ ಕನಿಷ್ಠ 5 ಇರಬೇಕು. (ಬೇರೆ ಷರತ್ತುಗಳೂ ಇವೆ. ಕೆಲವು ಲಕ್ಷಣ 12 ವರ್ಷಕ್ಕೆ ಮುಂಚೆಯೇ ಕಾಣಿಸಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ತೊಂದರೆ ಆಗುತ್ತಿರಬೇಕು.) ಅಂದರೆ ಗಮನದ ಗುಂಪಿನಲ್ಲೇ ಇರುವ ಇಬ್ಬರ ನಡುವೆ ಒಂದೇ ಒಂದು ಲಕ್ಷಣ ಸಮಾನವಾಗಿದ್ದರೂ ಇಬ್ಬರಿಗೂ ಎಡಿಎಚ್‌ಡಿ. ಒಬ್ಬರು ಈ ಗುಂಪು, ಇನ್ನೊಬ್ಬರು ಆ ಗುಂಪು ಆದರೆ ಒಂದೂ ಸಮಾನ ಇಲ್ಲದೆ ಇರಬಹುದು. ಇಬ್ಬರ ಫೈಲಿನ ಮೇಲೂ ಹೆಸರು ಒಂದೇ.

ಇದರ ಮೇಲೆ ಆಟಿಸಂ ಸೇರಿಸಿ. 2013ಕ್ಕೆ ಮುಂಚಿನ ಕೈಪಿಡಿಯಲ್ಲಿ ಒಬ್ಬರಿಗೇ ಎರಡೂ ಇದೆ ಎಂದು ಬರೆಯಲು ಅವಕಾಶವೇ ಇರಲಿಲ್ಲ. ಈಗ ಇದೆ, ಅಂಥವರು ಬಹಳ ಜನ ಇದ್ದಾರೆ. ಒಂದು ಮನಸ್ಸು ಹೊಸತು ಬೇಕು ಅನ್ನುತ್ತದೆ. ಅದೇ ತಲೆಯಲ್ಲಿ ಇನ್ನೊಂದು ಮನಸ್ಸು ಏನೂ ಬದಲಾಗಬಾರದು ಅನ್ನುತ್ತದೆ. ನಿಮ್ಮ 12 ಜನ ಒಬ್ಬರಿಗೊಬ್ಬರು ವಿರುದ್ಧ ಹೇಳಿದರು ಅಂತ ತಲೆ ಕೆಡಿಸಿಕೊಂಡಿದ್ದೀರಿ. ಒಬ್ಬರೇ ಸೋಮವಾರ ಒಂದು, ಗುರುವಾರ ಒಂದು ಹೇಳುವುದನ್ನು ಇನ್ನೂ ನೋಡಿಲ್ಲ ಅನ್ನಿಸುತ್ತದೆ. ಎಡಿಎಚ್‌ಡಿ ಬಗೆಗಿನ ಲ್ಯಾಬ್ ಅಧ್ಯಯನಗಳಲ್ಲಿ ಪದೇ ಪದೇ ಕಂಡಿರುವ ಸಂಗತಿಗಳಲ್ಲಿ ಇದೂ ಒಂದು: ಒಬ್ಬನೇ ವ್ಯಕ್ತಿಯ ಪ್ರತಿಕ್ರಿಯೆಯ ವೇಗ ಒಂದೇ ಕೆಲಸದಲ್ಲೂ ಕ್ಷಣ ಕ್ಷಣಕ್ಕೆ ಏರಿಳಿಯುತ್ತದೆ. ನಿದ್ದೆ ಹೇಗಾಯಿತು, ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಯಿತು ಎಂಬುದೂ ಸೇರಿಕೊಳ್ಳುತ್ತದೆ. ಹೀಗಾಗಿ ಒಂದು ಸಲ ಕೂರಿಸಿ, ನಿಮ್ಮ ಇಷ್ಟ ಏನು ಎಂದು ಕೇಳಿ, ಅದನ್ನೇ ಕಾಯಂ ಮಾಡಿದರೆ ಆ ಉತ್ತರ ಆ ದಿನಕ್ಕೆ ಮಾತ್ರ ಸರಿ.

ಹೊಂದಿಕೊಳ್ಳುವ ಟೂಲ್ ಎಂಬುದನ್ನು ನಾನು ಅಳೆಯುವುದು ಒಂದೇ ಅಳತೆಯಲ್ಲಿ. ಹಾಕಿಕೊಂಡ ಯೋಜನೆಯಿಂದ ಆಚೆ ಹೋದಾಗ ಮನುಷ್ಯ ಎಷ್ಟು ಬೆಲೆ ತೆರುತ್ತಾನೆ? ವಾಪಸ್ ಬರಲು ಎಷ್ಟು ತೆರುತ್ತಾನೆ? ಎರಡೂ ಕಡಿಮೆ ಇದ್ದರೆ ಆ ಟೂಲ್‌ನಲ್ಲಿ ಒಂದೂ ಸೆಟ್ಟಿಂಗ್ ಇಲ್ಲದಿದ್ದರೂ ಅದು ಹೊಂದಿಕೊಳ್ಳುತ್ತದೆ. ಎರಡೂ ಜಾಸ್ತಿ ಇದ್ದರೆ ನೂರು ಸ್ವಿಚ್ ಇದ್ದೂ ಪ್ರಯೋಜನವಿಲ್ಲ.

ವಾಪಸ್ ಬರುವುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಹೆಚ್ಚಿನ ಆ್ಯಪ್‌ಗಳು ಸೋಲುವುದು ಅಲ್ಲೇ. ಈಗಲೇ ನಿಮ್ಮ ಆ್ಯಪ್ ತೆಗೆಯಿರಿ, ಫೋನಿನ ದಿನಾಂಕವನ್ನು ಮೂರು ವಾರ ಮುಂದೆ ಹಾಕಿ, ಮತ್ತೆ ತೆರೆದು ನೋಡಿ. ಏನು ಕಾಣುತ್ತದೆ? ಕೆಂಪು ಅಕ್ಷರದಲ್ಲಿ ಬಾಕಿ ಕೆಲಸಗಳ ಉದ್ದನೆಯ ಸಾಲು, ಮೇಲೆ ಒಂದು ದೊಡ್ಡ ಸಂಖ್ಯೆ, ನಿಂತುಹೋದ ಸ್ಟ್ರೀಕ್, ಅಲ್ವಾ? ಆ ಪರದೆಯನ್ನು ನೋಡಿದವರು ಆ್ಯಪ್ ಮುಚ್ಚುತ್ತಾರೆ. ಆಮೇಲೆ ಐಕಾನ್ ಕಂಡರೂ ಮುಖ ತಿರುಗಿಸುತ್ತಾರೆ. ಕೊನೆಗೆ ಹೊಸ ಆ್ಯಪ್ ಹುಡುಕುತ್ತಾರೆ, ಅದರಲ್ಲಿ ಬಾಕಿ ಸೊನ್ನೆ ಇರುತ್ತದಲ್ಲ. ಎಡಿಎಚ್‌ಡಿ ಇರುವವರ ಫೋನಿನಲ್ಲಿ ಅರ್ಧ ಬಳಸಿದ ಆ್ಯಪ್‌ಗಳ ರಾಶಿ ಇರುವುದಕ್ಕೆ ಆರಂಭಶೂರತನ ಒಂದೇ ಕಾರಣ ಅಂತ ನಾನು ನಂಬುವುದಿಲ್ಲ. ವಾಪಸ್ ಬರುವ ಬಾಗಿಲನ್ನು ಆ್ಯಪ್‌ಗಳೇ ಮುಚ್ಚಿರುತ್ತವೆ.

ಬಿಡುವಿನ ನಂತರ ತೆರೆದವರಿಗೆ ಮೊದಲು ಖಾಲಿ ಜಾಗ ಕಾಣಲಿ. ಹಳೆಯದು ಎಲ್ಲಿಗೂ ಹೋಗಿಲ್ಲ, ಒಂದು ಕಡೆ ಎತ್ತಿಟ್ಟಿದೆ ಎಂಬ ಒಂದು ಸಾಲು ಸಾಕು. ಆಮೇಲೆ ಒಂದೇ ಪ್ರಶ್ನೆ: ಇವತ್ತು ಆಗಲೇಬೇಕಾದ್ದು ಏನಾದರೂ ಇದೆಯಾ? ಅಷ್ಟೇ. ಎಷ್ಟು ದಿನ ಬರಲಿಲ್ಲ ಎಂದು ಹೇಳಬೇಡಿ. "ನಿಮ್ಮನ್ನು ಮಿಸ್ ಮಾಡಿಕೊಂಡೆವು" ಎನ್ನುವ ಬೊಂಬೆಯಂತೂ ಬೇಡವೇ ಬೇಡ. ಕೆಲವರಿಗೆ ಅದು ಮುದ್ದು. ಬಾಲ್ಯದಿಂದ "ಮತ್ತೆ ಮರೆತೆಯಾ" ಅಂತಲೇ ಕೇಳಿ ಬೆಳೆದವರಿಗೆ ಅದು ಅದೇ ಹಳೆಯ ಬೈಗುಳ.

ಇಲ್ಲಿ ತಾಂತ್ರಿಕವಾದ ಒಂದು ಮಾತು ಬರುತ್ತದೆ. ನಿಮ್ಮ ಡೇಟಾಬೇಸಿನಲ್ಲಿ ಒಂದು ಕೆಲಸಕ್ಕೆ ದಿನಾಂಕದ ಕಾಲಂ ಎಷ್ಟಿದೆ? ಒಂದೇ ಇದ್ದರೆ ಮುಕ್ಕಾಲು ಪಾಲು ಕೆಂಪು ಅಕ್ಷರಗಳ ಮೂಲ ಅದೇ. ಕರೆಂಟ್ ಬಿಲ್ ಕಟ್ಟುವ ಕೊನೆಯ ದಿನ ಹೊರಗಿನವರು ಹಾಕಿದ ಗಡುವು, ದಾಟಿದರೆ ದಂಡ ಇದೆ. ಮಂಗಳವಾರ ಬೀರು ಸರಿ ಮಾಡುತ್ತೇನೆ ಎಂಬುದು ತಾನೇ ತನಗೆ ಹೇಳಿಕೊಂಡ ಆಸೆ, ಬುಧವಾರ ಆದರೆ ಯಾರಿಗೂ ನಷ್ಟವಿಲ್ಲ. ಒಂದೇ ಕಾಲಂನಲ್ಲಿ ಎರಡನ್ನೂ ತುಂಬಿದರೆ ಬೀರುವೂ ಬಿಲ್ಲೂ ಒಂದೇ ಸ್ವರದಲ್ಲಿ ಕಿರುಚುತ್ತವೆ. ಕಿರುಚಾಟ ಜಾಸ್ತಿ ಆದ ಮೇಲೆ ಮನುಷ್ಯ ಎರಡನ್ನೂ ಕೇಳುವುದಿಲ್ಲ, ಬಿಲ್ಲು ತಪ್ಪುತ್ತದೆ. ಎರಡು ಕಾಲಂ ಮಾಡಿ. ಆಸೆಯ ದಿನಾಂಕ ದಾಟಿದರೆ ಕೆಲಸ ಸದ್ದಿಲ್ಲದೆ ಮುಂದಿನ ದಿನಕ್ಕೆ ಜಾರಲಿ. ಮೂರ್ನಾಲ್ಕು ಸಲ ಜಾರಿದ ಮೇಲೆ "ಇದು ಇನ್ನೂ ಬೇಕಾ, ಅಥವಾ ತುಂಡು ಮಾಡೋಣವಾ?" ಎಂದು ಕೇಳಲಿ. ನಿಜವಾದ ಗಡುವು ಮಾತ್ರ ಗಟ್ಟಿಯಾಗಿ ಕೂಗಲಿ. ಅದೂ ಆ ದಿನ ಬೆಳಗ್ಗೆ ಅಲ್ಲ, ಏನಾದರೂ ಮಾಡಲು ಸಮಯ ಇರುವಾಗಲೇ.

ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ದಶಕಗಳಿಂದ ಹೇಳುತ್ತಾ ಬಂದಿರುವ ವಿಚಾರವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಡಿಎಚ್‌ಡಿಯಲ್ಲಿ ಏನು ಮಾಡಬೇಕು ಎಂಬ ತಿಳಿವಳಿಕೆಗೆ ಕೊರತೆ ಇರುವುದಿಲ್ಲ, ಗೊತ್ತಿರುವುದನ್ನು ಮಾಡುವ ಕ್ಷಣದಲ್ಲಿ ಕೈ ಕೊಡುತ್ತದೆ. ಅದಕ್ಕೇ ಸಹಾಯ ಆ ಕ್ಷಣದಲ್ಲಿ, ಆ ಜಾಗದಲ್ಲಿ ಸಿಗಬೇಕು ಎನ್ನುತ್ತಾರೆ ಅವರು. ಆ್ಯಪ್ ಕಟ್ಟುವವರಿಗೆ ಇದರ ಅರ್ಥ ಸ್ಪಷ್ಟ. ಬದಲಾವಣೆಯ ಆಯ್ಕೆಯನ್ನೂ ಆ ಕ್ಷಣದಲ್ಲೇ ಕೊಡಿ. ಒಬ್ಬರು ಬೆಳಗ್ಗೆ 9ರ ರಿಮೈಂಡರನ್ನು ಮೂರು ದಿನ ಸರಿಸಿ ಹಾಕಿದರು ಅಂದುಕೊಳ್ಳಿ. ನಾಲ್ಕನೇ ದಿನ ಅಲ್ಲೇ ಕೇಳಿ: "ಬೇರೆ ಹೊತ್ತಿಗೆ ಬರಲಾ?" ಎರಡು ಸಮಯ ತೋರಿಸಿ, ಜೊತೆಗೆ "ಹೀಗೇ ಇರಲಿ" ಎಂಬುದೂ ಇರಲಿ. ಎಡಿಎಚ್‌ಡಿ ಇರುವ ಎಷ್ಟೋ ವಯಸ್ಕರಲ್ಲಿ ನಿದ್ದೆಯ ಗಡಿಯಾರವೇ ತಡವಾಗಿ ಓಡುತ್ತದೆ, ಬೆಳಗ್ಗೆ 9 ಅವರಿಗೆ ಇನ್ನೂ ಮಂಪರು. ಸೆಟ್ಟಿಂಗ್ಸ್‌ನಲ್ಲಿ ಏಳನೇ ಸಾಲಿನಲ್ಲಿರುವ ಸಮಯದ ಆಯ್ಕೆಯನ್ನು ಅವರು ಹುಡುಕಿಕೊಂಡು ಹೋಗುವುದಿಲ್ಲ. ಹೀಗೆ ಜಾಗದಲ್ಲೇ ಕೇಳುವ ಪ್ರಶ್ನೆ ಬಂದರೆ ನಿಮ್ಮ ಆ ಪುಟದ ಬಹುಪಾಲು ಸಾಲು ತಾನಾಗಿಯೇ ಕರಗುತ್ತದೆ.

ಆದರೆ ಕೇಳದೆ ಬದಲಿಸಬೇಡಿ. "ಸ್ಮಾರ್ಟ್" ಆಗಿ ತಾನೇ ಪಟ್ಟಿಯ ಕ್ರಮ ಬದಲಿಸುವ ಆ್ಯಪ್, ನೆನಪಿನ ಬದಲು ಜಾಗದ ಗುರುತಿನಿಂದ ಕೆಲಸ ಹುಡುಕುವವರಿಗೆ ಹಿಂಸೆ. ನಿನ್ನೆ ಮೇಲೆ ಇದ್ದದ್ದು ಇವತ್ತು ಎಲ್ಲಿ ಹೋಯಿತು? ಮತ್ತೆ ಯಾವುದೇ ಬದಲಾವಣೆಗೂ ಹಿಂದಕ್ಕೆ ಹೋಗುವ ಬಟನ್ ಇರಲಿ. ದುಡುಕಿ ಅಳಿಸುವವರಿಗೆ "ಖಂಡಿತಾ ಅಳಿಸಬೇಕಾ?" ಎಂಬ ಪೆಟ್ಟಿಗೆ ಕೆಲಸಕ್ಕೆ ಬರುವುದಿಲ್ಲ, ಅದರ ಮೇಲೂ ದುಡುಕಿ ಒತ್ತುತ್ತಾರೆ. ಅಳಿಸಿದ ಮೇಲೆ ವಾಪಸ್ ತರಲು ಆಗಬೇಕು. ಕೆಲಸ ಬರೆದುಕೊಳ್ಳುವ ಪರದೆಯಲ್ಲಿ ಕಡ್ಡಾಯ ಖಾನೆ ಒಂದೂ ಬೇಡ. ತಲೆಗೆ ಬಂದದ್ದು ಐದು ಸೆಕೆಂಡಿನಲ್ಲಿ ಒಳಗೆ ಬೀಳದಿದ್ದರೆ ಅದು ಮರೆತುಹೋಗುತ್ತದೆ. ಯಾವ ಪ್ರಾಜೆಕ್ಟ್, ಯಾವ ಆದ್ಯತೆ ಎಂಬುದು ಆಮೇಲಿನ ಮಾತು, ಆಮೇಲೂ ತುಂಬದಿದ್ದರೆ ಹಾಗೇ ನಡೆಯಲಿ.

ನೀವು ಡೆವಲಪರ್ ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ 2021ರಲ್ಲಿ, ಕಲಿಕೆ ಮತ್ತು ಗ್ರಹಿಕೆಯ ತೊಡಕು ಇರುವವರಿಗಾಗಿ ಒಂದು ವಿವರವಾದ ಮಾರ್ಗದರ್ಶಿ ತಂದಿದೆ. ಅದನ್ನು ಓದಿ, ಉಚಿತ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಲಿ ಎಂದು ಡಬ್ಲ್ಯು3ಸಿ ಮಾಡಿರುವ ಡಬ್ಲ್ಯುಸಿಎಜಿ ಮಾನದಂಡದಲ್ಲೂ ನಿಮಗೆ ಬೇಕಾದ್ದು ಇದೆ. 5 ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿಯೇ ಅಲುಗಾಡುವ ಚಿತ್ರವನ್ನು ನಿಲ್ಲಿಸಲು ಆಗಬೇಕು ಎಂಬ ನಿಯಮ ಹಳೆಯದು. ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಪ್ರಕ್ರಿಯೆಯಲ್ಲಿ ಮತ್ತೆ ಟೈಪ್ ಮಾಡಿಸಬಾರದು ಎಂಬುದು 2023ರ 2.2 ಆವೃತ್ತಿಯಲ್ಲಿ ಸೇರಿತು. ಇವು ಯಾರ ಅಭಿರುಚಿಯ ಪ್ರಶ್ನೆಯೂ ಅಲ್ಲ, ಇವಕ್ಕೆ ಸ್ವಿಚ್ ಬೇಕಿಲ್ಲ, ಸುಮ್ನೆ ಮಾಡಿಬಿಡಿ.

ಈಗ ಟೈಮರ್ ಜಗಳಕ್ಕೆ ಬರೋಣ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿಯನ್ನು ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ತನ್ನ ಓದಿಗಾಗಿ ಮಾಡಿಕೊಂಡರು. ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಇಟ್ಟುಕೊಂಡು. ಆ 25 ಎಡಿಎಚ್‌ಡಿ ಸಂಶೋಧನೆಯಿಂದ ಬಂದದ್ದಲ್ಲ. ಆದರೂ ಎಷ್ಟೋ ಆ್ಯಪ್‌ಗಳು ಅದನ್ನೇ ಮಂತ್ರದಂತೆ ಹಿಡಿದಿವೆ. ಇದಕ್ಕೆ ಹೋಲಿಸಿದರೆ ಸ್ಟೀವನ್ ಸ್ಯಾಫ್ರನ್ ಮತ್ತು ಸಂಗಡಿಗರು ಎಡಿಎಚ್‌ಡಿ ಇರುವ ವಯಸ್ಕರಿಗಾಗಿ ರೂಪಿಸಿದ ಸಿಬಿಟಿ (ಯೋಚನೆ ಮತ್ತು ರೂಢಿಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಬೇಜಾರಿನ ಕೆಲಸವೊಂದಕ್ಕೆ ಕೂತಾಗ ನಿಮ್ಮ ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೊದಲು ಅಳೆಯಿರಿ. ಕೆಲಸವನ್ನು ಆ ಅಳತೆಗೆ ತುಂಡು ಮಾಡಿ. ಮಧ್ಯೆ ಬೇರೆ ಯೋಚನೆ ಬಂದರೆ ಒಂದು ಕಡೆ ಬರೆದಿಟ್ಟು ಕೆಲಸ ಮುಂದುವರಿಸಿ, ತುಂಡು ಮುಗಿದ ಮೇಲೆ ಅದನ್ನು ನೋಡಿ. ಒಬ್ಬರಿಗೆ 8 ನಿಮಿಷ, ಇನ್ನೊಬ್ಬರಿಗೆ 40. ಸಂಖ್ಯೆ ಮನುಷ್ಯನಿಂದ ಬರಬೇಕು.

ಎದೆ ಢವಢವ ಎನ್ನುವವರ ಮಾತನ್ನೂ ಬಿಡಿಸಿ ನೋಡಿ. ಅವರಿಗೆ ತೊಂದರೆ ಕೊಡುವುದು ಟೈಮರೋ, ಕೆಳಗಿಳಿಯುವ ಸಂಖ್ಯೆಯೋ? ಎಷ್ಟು ಹೊತ್ತಾಯಿತು ಎಂದು ಮೇಲಕ್ಕೆ ಏರುವ ಸಂಖ್ಯೆಯನ್ನು ತೋರಿಸಿದರೆ ಎಷ್ಟೋ ಜನ ನಿರಾಳರಾಗುತ್ತಾರೆ. ಇನ್ನು ಕೆಲವರಿಗೆ ಕೆಲಸ ಹಿಡಿಯುವುದೇ ಅಪರೂಪ, ಹಿಡಿದ ಮೇಲೆ ಗಂಟೆ ಬಾರಿಸಿದರೆ ಸರ್ವನಾಶ. ಅವರಿಗೆ ಗಂಟೆಯ ಬದಲು ಪರದೆಯ ಅಂಚಿನ ಬಣ್ಣ ಸ್ವಲ್ಪ ಬದಲಾದರೆ ಸಾಕು. ಹಾಗಂತ ಊಟ, ನೀರು ಮರೆತು ಆರು ಗಂಟೆ ಕೂರುವವರೂ ಇದ್ದಾರೆ, ಅವರಿಗೆ ಗಂಟೆಯೇ ಬೇಕು. ನೋಡಿ, ಟೈಮರ್ ಬೇಕಾ ಬೇಡವಾ ಎಂಬ ಒಂದು ಜಗಳದ ಒಳಗೆ ಮೂರು ಬೇರೆ ಬೇರೆ ತೊಂದರೆಗಳಿದ್ದವು. ಮುಕ್ತ ಮನಸ್ಸಿನ ಅರ್ಧ ಕೆಲಸ ಇದೇ. ಜನ ಹೇಳುವ ಪರಿಹಾರವನ್ನು ಹಾಗೇ ಬರೆದುಕೊಳ್ಳಬೇಡಿ, ಅದರ ಹಿಂದಿನ ತೊಂದರೆ ಸಿಗುವವರೆಗೆ ಕೇಳಿ. ಬಣ್ಣ ಬೇಕು ಎಂದವರಿಗೆ ಬಹುಶಃ 40 ಸಾಲುಗಳ ನಡುವೆ ಮುಖ್ಯವಾದದ್ದು ಕಣ್ಣಿಗೆ ಬೀಳುತ್ತಿಲ್ಲ. ಬಣ್ಣ ಬೇಡ ಎಂದವರಿಗೂ ಅದೇ ತೊಂದರೆ ಇರಬಹುದು, ಎಲ್ಲ ಬಣ್ಣವಾದ್ದರಿಂದ ಯಾವುದೂ ಬೀಳುತ್ತಿಲ್ಲ. ಇಬ್ಬರಿಗೂ 40ರ ಬದಲು 3 ಸಾಲು ತೋರಿಸಿದರೆ ಬಣ್ಣದ ಮಾತೇ ಬರುವುದಿಲ್ಲ.

ಆದ್ದರಿಂದ ಸ್ವಿಚ್‌ಗಳ ಬದಲು ಎರಡು ಮೂರು ನೋಟಗಳನ್ನು ಕೊಡಿ ಎನ್ನುವುದು ನನ್ನ ಸಲಹೆ. ಒಂದೇ ಕೆಲಸ ತೋರಿಸುವ ನೋಟ, ಇವತ್ತಿನದಷ್ಟೇ ತೋರಿಸುವ ನೋಟ, ಎಲ್ಲವನ್ನೂ ತೋರಿಸುವ ನೋಟ. ಹಿಂದಿನ ಪಟ್ಟಿ ಒಂದೇ. ಒಂದು ಒತ್ತಿಗೆ ನೋಟ ಬದಲಾಗಬೇಕು, ಏನೂ ಕಳೆದುಹೋಗಬಾರದು. ಸೋಮವಾರದ ಮನುಷ್ಯನೂ ಗುರುವಾರದ ಮನುಷ್ಯನೂ ಒಂದೇ ಆ್ಯಪ್‌ನಲ್ಲಿ ಬದುಕಬಹುದು.

ರಿಮೈಂಡರ್ ಬಗ್ಗೆ ಒಂದು ಮಾತು. ಗಡಿಯಾರಕ್ಕೆ ಕಟ್ಟಿದ ನೆನಪಿಗಿಂತ ಘಟನೆಗೆ ಕಟ್ಟಿದ ನೆನಪು ಕೆಲವು ಕೆಲಸಗಳಿಗೆ ಚೆನ್ನಾಗಿ ಒಗ್ಗುತ್ತದೆ. "ಸಂಜೆ 6ಕ್ಕೆ" ಎನ್ನುವ ಬದಲು "ಬ್ಯಾಗ್ ಕೆಳಗಿಟ್ಟ ಕೂಡಲೇ" ಎಂದು. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂಬ ಯೋಜನೆಗಳ ಮೇಲೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಕೆಲಸ ಮಾಡಿದ್ದಾರೆ. 2008ರಲ್ಲಿ ಕ್ಯಾಟರೀನಾ ಗಾವ್ರಿಲೋವ್ ಮತ್ತು ಅವರು ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಪರೀಕ್ಷಿಸಿದಾಗ, ಇಂಥ ಯೋಜನೆ ಹಾಕಿಕೊಂಡ ಮಕ್ಕಳು ದುಡುಕನ್ನು ತಡೆದುಕೊಳ್ಳುವುದರಲ್ಲಿ ಸುಧಾರಿಸಿದರು. ಅದು ಲ್ಯಾಬ್‌ನಲ್ಲಿ, ಮಕ್ಕಳ ಮೇಲೆ, ಒಂದು ನಿರ್ದಿಷ್ಟ ಕೆಲಸದಲ್ಲಿ. ನಿಮ್ಮ ಆ್ಯಪ್‌ನಲ್ಲಿ 35ರ ತಾಯಿಗೆ ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಪ್ರಮಾಣಪತ್ರ ಅಲ್ಲ. ಪ್ರಯತ್ನಿಸಿ ನೋಡಲು ಒಳ್ಳೆಯ ಕಾರಣ, ಅಷ್ಟೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಮುಕ್ತ ಮನಸ್ಸು. ಅದು ಒಳ್ಳೆಯ ಗುಣ, ಆದರೆ ಗುಣವನ್ನು ನೆಚ್ಚಿ ಕೂತರೆ ಸಾಲದು. ತಿಂಗಳುಗಟ್ಟಲೆ ಕೂತು ಕಟ್ಟಿದ್ದನ್ನು ಯಾರಾದರೂ ಸರಿಯಿಲ್ಲ ಅಂದರೆ ಯಾರಿಗಾದರೂ ಮನಸ್ಸು ಮುಚ್ಚಿಕೊಳ್ಳುತ್ತದೆ. ನಿಮಗೆ ಇನ್ನೂ ಒಂದು ತೊಡಕಿದೆ: ನಿಮಗೂ ಎಡಿಎಚ್‌ಡಿ ಇದೆ. ಅದರಿಂದ ಎಷ್ಟೋ ವಿಷಯ ನಿಮಗೆ ಹೇಳದೆಯೇ ಅರ್ಥವಾಗುತ್ತದೆ. ಅದೇ ಕಾರಣಕ್ಕೆ "ನನಗೆ ಗೊತ್ತು, ನನಗೂ ಇದೆ" ಎಂಬ ಮಾತು ಬಾಯಿ ತುದಿಯಲ್ಲೇ ಇರುತ್ತದೆ. ಮೇಲಿನ ಲೆಕ್ಕ ನೆನಪಿಡಿ. ನಿಮ್ಮ ಐದು ಲಕ್ಷಣ, ಅವರ ಐದು ಲಕ್ಷಣ, ಒಂದೂ ಕೂಡದೆ ಇರಬಹುದು.

ಹಾಗಾಗಿ ಹೊಸದೊಂದನ್ನು ಕಟ್ಟುವ ಮುಂಚೆಯೇ ಎರಡು ಸಾಲು ಬರೆದಿಡಿ: ಇದು ಯಾವ ತೊಂದರೆಗೆ, ಏನು ಕಂಡರೆ ಇದನ್ನು ಕಿತ್ತು ಹಾಕುತ್ತೇನೆ. ಕಟ್ಟಿದ ಮೇಲೆ ಬರೆದರೆ ಎರಡನೇ ಸಾಲು ಯಾವಾಗಲೂ ಸಡಿಲವಾಗುತ್ತದೆ.

ಅಂಕಿ ಅಂಶಗಳನ್ನು ನೋಡುವಾಗ ಹುಷಾರು. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಕಾಣುವುದು ಉಳಿದವರು. ಟೂಲ್ ಒಗ್ಗದವರು ಹೊರಟುಹೋದರು, ಅವರ ಮೌನಕ್ಕೆ ಅಲ್ಲಿ ಗ್ರಾಫ್ ಇಲ್ಲ. ಉಳಿದವರ ಮೆಚ್ಚುಗೆಯನ್ನೇ ಓದುತ್ತಾ ಹೋದರೆ ಟೂಲ್ ದಿನದಿಂದ ದಿನಕ್ಕೆ ಅವರಿಗೇ ಒಗ್ಗುತ್ತಾ, ಉಳಿದ ಎಲ್ಲರಿಗೂ ಕಿರಿದಾಗುತ್ತದೆ. ಬಿಟ್ಟುಹೋದವರಿಗೆ ಬರೆಯಿರಿ. ಉದ್ದನೆಯ ಸಮೀಕ್ಷೆ ಬೇಡ, ಅದನ್ನು ತುಂಬುವ ತಾಳ್ಮೆ ಇದ್ದಿದ್ದರೆ ಅವರು ಬಿಡುತ್ತಲೇ ಇರಲಿಲ್ಲವೇನೋ. ಒಂದು ಪ್ರಶ್ನೆ ಸಾಕು: ಕೊನೆಯ ಸಲ ತೆರೆದಾಗ ಏನು ಮಾಡಲು ಹೊರಟಿದ್ದಿರಿ, ಏನಾಯಿತು? ಧ್ವನಿ ಸಂದೇಶದಲ್ಲಿ ಉತ್ತರಿಸಲು ಬಿಡಿ.

ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ, ಮೊದಲೇ ಹೇಳಿರುತ್ತೇನೆ: "ಆ್ಯಪ್ ಚೆನ್ನಾಗಿದೆ, ನಾನೇ ಸೋಮಾರಿ." ಇದನ್ನು ಹೊಗಳಿಕೆ ಅಂತ ಪಕ್ಕಕ್ಕಿಡಬೇಡಿ. ಎಡಿಎಚ್‌ಡಿ ಇರುವವರು ಟೂಲ್ ಸೋತಾಗಲೂ ತಾವೇ ಸೋತೆವು ಎಂದುಕೊಳ್ಳುತ್ತಾರೆ, ಅದು ಜೀವನ ಪೂರ್ತಿ ಕಲಿತ ಪಾಠ. ನನ್ನ ಲೆಕ್ಕದಲ್ಲಿ ಆ ವಾಕ್ಯ ಒಂದು ಬಗ್ ರಿಪೋರ್ಟ್. ಎಲ್ಲಿ ಸೋಮಾರಿ ಅನ್ನಿಸಿತು, ಯಾವ ಪರದೆಯಲ್ಲಿ ಎಂದು ಕೇಳಿ. ಬಗ್ ಅಲ್ಲೇ ಕೂತಿರುತ್ತದೆ.

ಇದ್ದವರನ್ನು ಕೇಳುವಾಗಲೂ "ಈ ಸೌಲಭ್ಯ ಇಷ್ಟವಾ?" ಎನ್ನಬೇಡಿ. ಹೊಸತು ಎಲ್ಲರಿಗೂ ಇಷ್ಟ, ಎಡಿಎಚ್‌ಡಿ ಇರುವವರಿಗೆ ಇನ್ನೂ ಜಾಸ್ತಿ. ಮೊದಲ ಎರಡು ವಾರ ಯಾವ ಟೂಲೂ ಗೆಲ್ಲುತ್ತದೆ. ನೀವು 12 ಜನರಿಗೆ ಎಷ್ಟು ದಿನ ಕೊಟ್ಟಿದ್ದಿರಿ ಎಂದು ಬರೆದಿಲ್ಲ. ಎರಡು ವಾರವಾಗಿದ್ದರೆ ಅವರ ಮಾತನ್ನು ಸ್ವಲ್ಪ ಪಕ್ಕಕ್ಕಿಟ್ಟು, ಎರಡು ತಿಂಗಳ ಮೇಲೆ ಮತ್ತೆ ಕೇಳಿ. ಆಗ "ನಿನ್ನೆಯ ಪಟ್ಟಿ ತೋರಿಸಿ" ಎನ್ನಿ. ಖಾಲಿ ಇದ್ದರೆ ನಿನ್ನೆ ಕೆಲಸಗಳನ್ನು ಎಲ್ಲಿ ಬರೆದುಕೊಂಡಿದ್ದರು ಎಂದು ಕೇಳಿ. ಕೈ ಮೇಲೆ ಪೆನ್ನಿನಲ್ಲಿ, ತಮಗೇ ಕಳಿಸಿಕೊಂಡ ಮೆಸೇಜಿನಲ್ಲಿ, ಫ್ರಿಜ್ ಬಾಗಿಲಿನ ಚೀಟಿಯಲ್ಲಿ. ನಿಮ್ಮ ನಿಜವಾದ ಪ್ರತಿಸ್ಪರ್ಧಿ ಅದು, ಬೇರೆ ಆ್ಯಪ್ ಅಲ್ಲ. ಅವರ ಸಮಯಕ್ಕೆ ಹಣ ಕೊಡಿ, ಮಾತುಕತೆ ಚಿಕ್ಕದಿರಲಿ, ಮರೆತು ಬರದಿದ್ದರೆ ಇನ್ನೊಂದು ದಿನ ಕೊಡಿ. ಹೇಳಿದ ಹೊತ್ತಿಗೆ ಬಂದವರನ್ನಷ್ಟೇ ಮಾತನಾಡಿಸಿದರೆ ಟೂಲ್ ಯಾರಿಗೆ ತೀರಾ ಬೇಕೋ ಅವರೇ ಜಾರಿಹೋಗುತ್ತಾರೆ.

ಸರಾಸರಿಯನ್ನೂ ನಂಬಬೇಡಿ. ಒಂದು ಸೌಲಭ್ಯ ಆರು ಜನರಿಗೆ ಬಹಳ ಸಹಾಯ ಮಾಡಿ, ಆರು ಜನರಿಗೆ ಅಷ್ಟೇ ತೊಂದರೆ ಕೊಟ್ಟರೆ ಸರಾಸರಿ ಸೊನ್ನೆ. ನೀವು ಅದನ್ನು ತೆಗೆದುಹಾಕುತ್ತೀರಿ, ಆರು ಜನ ಕಳೆದುಕೊಳ್ಳುತ್ತಾರೆ. ಇಂಥ ಕಡೆ ಒಬ್ಬೊಬ್ಬರ ಮೇಲೇ ಪ್ರಯೋಗ ಮಾಡುವ ಪದ್ಧತಿ ಇದೆ. ಎರಡು ವಾರ ಸೌಲಭ್ಯ ಇದೆ, ಎರಡು ವಾರ ಇಲ್ಲ, ಮತ್ತೆ ಇದೆ, ಮತ್ತೆ ಇಲ್ಲ. ಇದ್ದಾಗ ಆ ವ್ಯಕ್ತಿಯ ದಿನ ಸುಧಾರಿಸಿ, ತೆಗೆದಾಗ ಕೆಟ್ಟು, ಮತ್ತೆ ಕೊಟ್ಟಾಗ ಮತ್ತೆ ಸುಧಾರಿಸಿದರೆ ಆ ವ್ಯಕ್ತಿಗೆ ಅದು ಬೇಕು. ವೈದ್ಯರು ಔಷಧಿ ಹೊಂದುತ್ತದಾ ಎಂದು ನೋಡಲೂ ಇದೇ ಬಗೆಯ ಪ್ರಯೋಗ ಬಳಸುವುದುಂಟು. 12 ಜನರ ಗುಂಪಿಗೆ ಇದು ಹೇಳಿ ಮಾಡಿಸಿದ್ದು. ಏನನ್ನು ಅಳೆಯಬೇಕು? ಆ್ಯಪ್ ಎಷ್ಟು ಸಲ ತೆರೆದರು ಎಂಬುದನ್ನಲ್ಲ. ಬಿಲ್ಲು ಕಟ್ಟಿದರಾ, ಬಿಡುವಿನ ನಂತರ ವಾಪಸ್ ಬಂದರಾ, ಸಂಜೆ ತಮ್ಮ ಬಗ್ಗೆ ಏನನ್ನಿಸಿತು ಎಂಬುದನ್ನು. ಮೂರು ವಾರ ಬಳಸಿ, ಬಾಕಿ ಇದ್ದ ಒಂದು ದೊಡ್ಡ ಕೆಲಸ ಮುಗಿಸಿ, ಆ್ಯಪ್ ಅಳಿಸಿದವರು ನನ್ನ ಪ್ರಕಾರ ಗೆದ್ದವರು. ಹೂಡಿಕೆದಾರರು ಒಪ್ಪಲಿಕ್ಕಿಲ್ಲ.

ಎಲ್ಲದಕ್ಕೂ ಮನಸ್ಸು ತೆರೆದಿಡಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ಯಾರು ಎಷ್ಟೇ ಕೇಳಿದರೂ ನಾಚಿಕೆ ಹುಟ್ಟಿಸುವ ಸಂದೇಶ ಬೇಡ. ಮಾತ್ರೆ, ಮೂಡ್, ನಿದ್ದೆಯ ಮಾಹಿತಿ ಆದಷ್ಟೂ ಅವರ ಫೋನಿನಲ್ಲೇ ಉಳಿಯಲಿ, ಜಾಹೀರಾತಿನವರಿಗೆ ಹೋಗಲೇಬಾರದು. ನಿಮ್ಮ ಆ್ಯಪ್ ಎಡಿಎಚ್‌ಡಿಗೆ ಚಿಕಿತ್ಸೆ ಎಂದು ಹೇಳಿಕೊಳ್ಳಬೇಡಿ. ಮೇಲೆ ಹೇಳಿದ ಸಿಬಿಟಿ ಬಗ್ಗೆ ಸ್ಯಾಫ್ರನ್ ತಂಡದ ಅಧ್ಯಯನ 2010ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಔಷಧಿ ತೆಗೆದುಕೊಳ್ಳುತ್ತಿದ್ದೂ ತೊಂದರೆ ಉಳಿದಿದ್ದ 86 ವಯಸ್ಕರು ಅದರಲ್ಲಿದ್ದರು. ಆ ಚಿಕಿತ್ಸೆಯ ಬುನಾದಿಯಲ್ಲಿದ್ದ ಸಾಧನ ಒಂದು ಕ್ಯಾಲೆಂಡರ್, ಒಂದು ಕೆಲಸದ ಪಟ್ಟಿ. ಆದರೆ ಬರೀ ಕ್ಯಾಲೆಂಡರ್ ಕೈಗಿಟ್ಟು ಕಳಿಸಲಿಲ್ಲ. ಚಿಕಿತ್ಸಕರು ವಾರ ವಾರ ಜೊತೆಗೆ ಕೂತು, ಎಲ್ಲಿ ಜಾರಿತು ಎಂದು ನೋಡಿ, ಮತ್ತೆ ಹೊಂದಿಸಿಕೊಟ್ಟರು. ಆ್ಯಪ್ ಒಂದೇ ಆ ಜಾಗ ತುಂಬುತ್ತದೆ ಎಂದು ನಾನು ನಂಬುವುದಿಲ್ಲ. ಬೇಕಿದ್ದವರು ಒಬ್ಬ ಗೆಳೆಯರನ್ನೋ ಕೋಚ್ ಅನ್ನೋ ಪಟ್ಟಿಯೊಳಗೆ ಕರೆತರುವ ದಾರಿ ಇಟ್ಟರೆ ಒಳ್ಳೆಯದು. ಕರೆದವರನ್ನು ಒಂದು ಒತ್ತಿಗೆ ಹೊರಗೆ ಕಳಿಸಲೂ ಆಗಬೇಕು.

ಸ್ಟ್ರೀಕ್ ಬಗ್ಗೆ: ಮೊದಲಿಗೆ ಆಫ್ ಇರಲಿ. ಅದರಿಂದ ನಿಜವಾಗಿ ಹುರುಪು ಬರುವವರಿದ್ದಾರೆ, ಅವರು ಕೇಳಿ ಹಾಕಿಸಿಕೊಳ್ಳುತ್ತಾರೆ. ಹಾಕಿದರೂ ಸೊನ್ನೆಗೆ ಬೀಳುವ ಸಂಖ್ಯೆ ಬೇಡ. 46 ದಿನ ಕಟ್ಟಿದ್ದು ಒಂದು ಜ್ವರದ ದಿನಕ್ಕೆ ಸೊನ್ನೆಯಾದರೆ, ಹೇಗೂ ಹೋಯಿತಲ್ಲ ಅಂತ ಮರುದಿನವೂ ಹೋಗುತ್ತದೆ. ಈ ತಿಂಗಳಲ್ಲಿ ಎಷ್ಟು ದಿನ ಎಂದು ತೋರಿಸಿ. ಆ ಸಂಖ್ಯೆ ತಿಂಗಳೊಳಗೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಚಂದಾ ತಪ್ಪಲ್ಲ, ನೀವೂ ಬದುಕಬೇಕು. ಆದರೆ ಮರೆವೇ ತೊಂದರೆಯಾಗಿರುವವರ ಖಾತೆಯಿಂದ ಅವರು ಮರೆತಿರುವಾಗ ಹಣ ತೆಗೆಯುವುದು ಮನಸ್ಸಿಗೆ ಒಗ್ಗುವ ವ್ಯಾಪಾರ ಅಲ್ಲ. 30 ದಿನ ಆ್ಯಪ್ ತೆರೆಯದಿದ್ದರೆ ಚಂದಾ ತಾನಾಗಿಯೇ ನಿಲ್ಲಲಿ. ಪಟ್ಟಿ ಹಾಗೇ ಉಳಿಯಲಿ, ಬಂದ ದಿನದಿಂದ ಮತ್ತೆ ಶುರುವಾಗಲಿ. ಆ್ಯಪ್ ಸ್ಟೋರ್‌ನ ಬಿಲ್ಲಿಂಗ್ ಇದಕ್ಕೆ ಒಗ್ಗದಿದ್ದರೆ ಒಮ್ಮೆಲೇ ಕೊಳ್ಳುವ ಬೆಲೆಯನ್ನೂ ಪಕ್ಕದಲ್ಲಿಡಿ, ನವೀಕರಣಕ್ಕೆ ಒಂದು ವಾರ ಮುಂಚೆ ಒಂದು ಮೇಲ್ ಕಳಿಸಿ, ರದ್ದು ಮಾಡುವ ಲಿಂಕ್ ಅದರ ಮೊದಲ ಸಾಲಿನಲ್ಲೇ ಇರಲಿ.